ಗುರುತಿಸುವವನ ಹೊಣೆ

ಬಹಳ ಎತ್ತರದಲ್ಲಿ ಒಂದು ವಿಮಾನ ಹಾರುತ್ತಿದೆಯೆಂದು ಭಾವಿಸಿ. ಅದರ ಬಣ್ಣ ತಿಳಿಯುವುದಿಲ್ಲ, ಮೈಮೇಲಿನ ಬರಹ ಕಾಣುವುದಿಲ್ಲ. ಕಾಣುವುದು ಒಂದು ಕಪ್ಪು ಆಕಾರ ಮಾತ್ರ. ಅದು ಪ್ರಯಾಣಿಕರನ್ನು ಹೊತ್ತ ವಿಮಾನವೋ, ಬಾಂಬುಗಳನ್ನು ಹೊತ್ತ ವಿಮಾನವೋ? ನೀವು ಹೇಳಬಲ್ಲಿರಾ? ಹೇಳಬಲ್ಲೆ ಎಂದಾದರೆ, ಎಷ್ಟು ಖಚಿತವಾಗಿ? ನಿಮ್ಮ ಒಂದು ಮಾತಿನ ಮೇಲೆ ಅದರೊಳಗಿರುವವರ ಪ್ರಾಣ ನಿಂತಿದ್ದರೆ ಆಗಲೂ ಅಷ್ಟೇ ಖಚಿತವಾಗಿ ಹೇಳುವಿರಾ?

ಇದು ಸೈನಿಕರ ವಿಷಯ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿರುವ ನಮಗೆ ಇದರಿಂದ ಏನಾಗಬೇಕಿದೆ ಎಂದು ನೀವು ಕೇಳಬಹುದು. ಆದರೆ ನಿಮ್ಮ ಮನೆಯ ಹುಡುಗನನ್ನೇ ಕೇಳಿ ನೋಡಿ. ರಫೇಲ್, ತೇಜಸ್, ಸುಖೋಯ್, ಡ್ರೋನ್ ಎಂದು ಅವನು ಪಟಪಟನೆ ಹೆಸರು ಹೇಳುತ್ತಾನೆ. ಎಲ್ಲೋ ಯುದ್ಧ ನಡೆದರೆ ಅದರ ಚಿತ್ರಗಳು ರಾತ್ರಿ ಬೆಳಗಾಗುವುದರೊಳಗೆ ನಮ್ಮ ಕೈಯ ಮೊಬೈಲಿಗೆ ಬಂದು ಬೀಳುತ್ತವೆ. ನಮ್ಮ ಅಣ್ಣತಮ್ಮಂದಿರು ದುಡಿಯುವ ಕೊಲ್ಲಿಯ ಆಕಾಶದಲ್ಲಿ ಪ್ರಯಾಣಿಕ ವಿಮಾನವೂ ಯುದ್ಧ ವಿಮಾನವೂ ಅಕ್ಕಪಕ್ಕದಲ್ಲೇ ಹಾರುತ್ತವೆ. ಹೀಗಿರುವಾಗ ಗುರುತಿಸುವುದು ಎಂದರೇನು, ಗುರುತಿಸುವವನ ಹೊಣೆ ಏನು ಎಂಬ ಪ್ರಶ್ನೆ ನಮ್ಮ ಮನೆಯ ಪ್ರಶ್ನೆಯೂ ಹೌದು.

ಹಳೆಯ ವಿದ್ಯೆ

ದೂರದಿಂದ ಬರುವುದನ್ನು ಗುರುತಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ದಡದ ಮೇಲೆ ಇಂದಿಗೂ ನಿಂತಿರುವ ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ್ದು ಇದೇ ಕೆಲಸಕ್ಕೆ. ಶತ್ರುವಿನ ಯುದ್ಧನೌಕೆ ನದಿಯೊಳಗೆ ನುಗ್ಗದಂತೆ ಅಲ್ಲಿ ಕಾವಲಿತ್ತು. ಬೆಳ್ತಂಗಡಿ ತಾಲೂಕಿನ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಅವರೇ ಕೋಟೆ ಕಟ್ಟಿಸಿ, ತಮ್ಮ ತಾಯಿಯ ನೆನಪಿನಲ್ಲಿ ಅದಕ್ಕೆ ಜಮಾಲಾಬಾದ್ ಎಂದು ಹೆಸರಿಟ್ಟರು. ಆ ಕಡಿದಾದ ಬಂಡೆಯ ಮೇಲೆ ನಿಂತ ಕಾವಲುಗಾರನ ಕೆಲಸವೂ ಅದೇ. ದೂರದಲ್ಲಿ ಧೂಳೆದ್ದರೆ, ಬರುತ್ತಿರುವವರು ಯಾರು ಎಂದು ಹೇಳಬೇಕು. ವ್ಯಾಪಾರಿಗಳ ಎತ್ತಿನ ಸಾಲನ್ನು ಸೈನ್ಯವೆಂದು ಕೂಗಿದರೆ ಅನ್ಯಾಯ, ಸೈನ್ಯವನ್ನು ವ್ಯಾಪಾರಿಗಳೆಂದು ಬಿಟ್ಟರೆ ಅನಾಹುತ.

ಹಾಯಿಹಡಗುಗಳ ಕಾಲದಲ್ಲಿ ಪಟಸ್ತಂಭ, ಹಾಯಿ, ಬಾವುಟ ನೋಡಿ ಹಡಗನ್ನು ಗುರುತಿಸುತ್ತಿದ್ದರು. ಆದರೆ ಕಣ್ಣಿಗೆ ಕಾಣುವ ಗುರುತನ್ನು ಬದಲಾಯಿಸುವುದು ಕಷ್ಟವಲ್ಲ. ಮೊದಲ ಮಹಾಯುದ್ಧದಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಬೆಂಕಿ ಹಚ್ಚಿದ ಜರ್ಮನ್ ನೌಕೆ ಎಮ್ಡನ್‌ಗೆ ಇದ್ದದ್ದು ಮೂರು ಹೊಗೆಗೊಳವೆಗಳು. ಅದರ ಸಿಬ್ಬಂದಿ ನಾಲ್ಕನೆಯ ಹುಸಿ ಹೊಗೆಗೊಳವೆಯೊಂದನ್ನು ನಿಲ್ಲಿಸಿ ಅದು ಬ್ರಿಟಿಷ್ ನೌಕೆಯಂತೆ ಕಾಣುವ ಹಾಗೆ ಮಾಡಿದರು. ಆ ವೇಷದಲ್ಲೇ ಅದು ಅಕ್ಟೋಬರ್ 28ರಂದು ಪೆನಾಂಗ್ ಬಂದರಿನೊಳಗೆ ಹೋಗಿ, ಅಲ್ಲಿ ಲಂಗರು ಹಾಕಿದ್ದ ರಷ್ಯದ ಯುದ್ಧನೌಕೆಯನ್ನು ಮುಳುಗಿಸಿತು. ಹೊಗೆಗೊಳವೆಗಳನ್ನು ಎಣಿಸಿ ಸಮಾಧಾನಪಟ್ಟ ಕಾವಲುಗಾರರು ಮೋಸಹೋದರು.

ಯಂತ್ರಗಳ ಮುಖಪರಿಚಯ

ವಿಮಾನಗಳ ಕಾಲ ಬಂದಾಗ ಗುರುತಿಸುವುದೇ ಒಂದು ಪಾಠವಾಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಮಾತ್ರವಲ್ಲ, ಸಾಮಾನ್ಯ ನಾಗರಿಕರಿಗೂ ಅದನ್ನು ಕಲಿಸಿದರು. ವಿಮಾನಗಳ ಕಪ್ಪು ಆಕಾರಗಳನ್ನು ಇಸ್ಪೀಟು ಎಲೆಗಳ ಮೇಲೂ ಮುದ್ರಿಸಿ ಹಂಚಿದರು. ಅಂದು ಹೇಳಿಕೊಟ್ಟ ಕ್ರಮ ಇಂದಿಗೂ ಉಳಿದಿದೆ. ಮೊದಲು ರೆಕ್ಕೆ ನೋಡಬೇಕು, ಆಮೇಲೆ ಎಂಜಿನ್, ಆಮೇಲೆ ಒಡಲು, ಕೊನೆಗೆ ಬಾಲ. ನಾಲ್ಕನ್ನೂ ನೋಡದೆ ಹೆಸರು ಹೇಳಬಾರದು.

ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ತೇಜಸ್ ವಿಮಾನವನ್ನೇ ತೆಗೆದುಕೊಳ್ಳಿ. ಅದರ ರೆಕ್ಕೆ ತ್ರಿಕೋನದಂತೆ. ಎಂಜಿನ್ ಒಂದೇ. ಬಾಲದಲ್ಲಿ ನೆಟ್ಟಗೆ ನಿಂತ ಫಲಕವಿದೆ, ಅಡ್ಡಲಾದ ಪುಟ್ಟ ರೆಕ್ಕೆಗಳಿಲ್ಲ. ರಫೇಲ್‌ನ ರೆಕ್ಕೆಯೂ ತ್ರಿಕೋನದಂತೆಯೇ, ಆದರೆ ಅದಕ್ಕೆ ಎರಡು ಎಂಜಿನ್‌ಗಳು, ಜೊತೆಗೆ ಚಾಲಕ ಕೂರುವ ಜಾಗದ ಹಿಂದೆ ಎರಡು ಪುಟ್ಟ ಮುಂರೆಕ್ಕೆಗಳು. ನಮ್ಮ ವಾಯುಪಡೆಯ ಸುಖೋಯ್-30ಕ್ಕೂ ಮುಂರೆಕ್ಕೆಗಳಿವೆ, ಎರಡು ಎಂಜಿನ್‌ಗಳಿವೆ. ಆದರೆ ಅದರ ಬಾಲದಲ್ಲಿ ನಿಂತ ಫಲಕಗಳು ಎರಡು. ರೆಕ್ಕೆಯೊಂದನ್ನೇ ನೋಡಿದವನು ಮೊದಲಿನ ಎರಡನ್ನು ಒಂದೇ ಎನ್ನುತ್ತಾನೆ. ಮುಂರೆಕ್ಕೆಯೊಂದನ್ನೇ ನೋಡಿದವನು ಕೊನೆಯ ಎರಡನ್ನು ಒಂದೇ ಎನ್ನುತ್ತಾನೆ.

ಟ್ಯಾಂಕುಗಳಲ್ಲಿ ಸರಪಳಿಯೊಳಗಿನ ಚಕ್ರಗಳನ್ನು ಎಣಿಸಬೇಕು. ನಿವೃತ್ತಿಯಾದ ಟಿ-55 ಟ್ಯಾಂಕುಗಳನ್ನು ನಮ್ಮ ದೇಶದ ಹಲವು ಊರುಗಳಲ್ಲಿ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಅದಕ್ಕೆ ಪ್ರತಿ ಬದಿಯಲ್ಲಿ ಐದು ಚಕ್ರ, ಒಂದನೆಯ ಮತ್ತು ಎರಡನೆಯ ಚಕ್ರದ ನಡುವೆ ಎದ್ದು ಕಾಣುವ ಅಂತರ. ಅದರ ತಮ್ಮನಂತಿರುವ ಟಿ-62ಕ್ಕೂ ಐದೇ ಚಕ್ರ, ಅಂತರ ಮಾತ್ರ ಹಿಂಭಾಗದ ಚಕ್ರಗಳ ನಡುವೆ. ಟಿ-72ಕ್ಕೆ ಆರು ಚಕ್ರ, ನಮ್ಮ ದೇಶದಲ್ಲೇ ರೂಪಿಸಿದ ಅರ್ಜುನ್ ಟ್ಯಾಂಕಿಗೆ ಏಳು.

ಹಡಗುಗಳನ್ನು ತಿಳಿಯಬೇಕಾದರೆ ಕಾರವಾರಕ್ಕೆ ಹೋದವರು ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿರುವ ಚಪಲ್ ನೌಕೆಯನ್ನು ನೋಡಿರಬಹುದು. 1976ರಲ್ಲಿ ನೌಕಾಪಡೆಯನ್ನು ಸೇರಿ 2005ರಲ್ಲಿ ನಿವೃತ್ತಿಯಾದ ಈ ಚಿಕ್ಕ ನೌಕೆಯ ಎರಡೂ ಪಕ್ಕಗಳಲ್ಲಿ ಎರಡೆರಡು ಉರುಟು ಕ್ಷಿಪಣಿ ಕೊಳವೆಗಳಿವೆ. ಅದೇ ಕಡಲತೀರಕ್ಕೆ ಈಚೆಗೆ ತಂದಿರಿಸಿದ ಟುಪೊಲೆವ್-142 ವಿಮಾನ 2017ರಲ್ಲಿ ನಿವೃತ್ತಿಯಾದದ್ದು. ಅದಕ್ಕೆ ನಾಲ್ಕು ಎಂಜಿನ್‌ಗಳು, ಪ್ರತಿಯೊಂದರ ಮುಂದೆ ವಿರುದ್ಧ ದಿಕ್ಕಿಗೆ ತಿರುಗುವ ಎರಡು ಪಂಖಗಳು. ಕಾರವಾರದ ನೆಲೆಯ ವಿಕ್ರಮಾದಿತ್ಯದಂತಹ ವಿಮಾನವಾಹಕ ನೌಕೆಯನ್ನಾದರೆ ದೂರದಿಂದಲೇ ಹೇಳಬಹುದು. ಉದ್ದನೆಯ ಬಯಲಿನಂತಹ ಮೇಲ್ಭಾಗ, ಮೂತಿಯಲ್ಲಿ ಮೇಲಕ್ಕೆ ಬಾಗಿದ ಏರು, ಬಲಬದಿಯಲ್ಲಿ ಒಂದು ಕಟ್ಟಡ. ಇವುಗಳ ನಡುವೆ ಎಲ್ಲರೂ ಗುರುತಿಸಲೇಬೇಕಾದ ಹಡಗೊಂದಿದೆ. ಬಿಳಿ ಬಣ್ಣ ಬಳಿದು ಕೆಂಪು ಶಿಲುಬೆಯನ್ನೋ ಕೆಂಪು ಅರ್ಧಚಂದ್ರವನ್ನೋ ಬರೆದಿರುವ ಆಸ್ಪತ್ರೆ ಹಡಗು ಅದು. ಅದರ ಮೇಲೆ ದಾಳಿ ಮಾಡಬಾರದೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಕೊಲ್ಲಬಾರದವರು ಯಾರು ಎಂದು ತಿಳಿಯುವುದೂ ಗುರುತಿಸುವಿಕೆಯ ಭಾಗವೇ ಎಂಬುದನ್ನು ಮರೆಯಬಾರದು.

ಡ್ರೋನ್‌ಗಳ ವಿಷಯಕ್ಕೆ ಬಂದರೆ ಈ ವಿದ್ಯೆ ಇನ್ನೂ ಕಠಿಣ. ಅಮೆರಿಕದ ಪ್ರಿಡೇಟರ್‌ನ ಬಾಲದ ಫಲಕಗಳು ಕೆಳಮುಖವಾಗಿ ಚಾಚಿಕೊಂಡಿವೆ, ಅದರ ನಂತರ ಬಂದ ರೀಪರ್‌ನವು ಮೇಲ್ಮುಖವಾಗಿವೆ. ಇರಾನಿನ ಶಾಹಿದ್-136 ಕೆಳಗಿನಿಂದ ನೋಡಿದರೆ ತ್ರಿಕೋನದಂತೆ ಕಾಣುತ್ತದೆ, ಅದರ ಸದ್ದು ಸಣ್ಣ ಮೊಪೆಡ್ಡಿನ ಸದ್ದಿನಂತೆ. ಇವನ್ನಾದರೂ ಕಲಿಯಬಹುದು. ಆದರೆ ನಾಲ್ಕು ಪಂಖಗಳ ಪುಟ್ಟ ಡ್ರೋನ್? ನಮ್ಮ ಮದುವೆ ಹಾಲ್‌ನ ಮೇಲೆ ಹಾರಿ ಫೋಟೋ ತೆಗೆಯುವುದು ಅದೇ. ಯುಕ್ರೇನಿನ ಯುದ್ಧದಲ್ಲಿ ಕಂದಕದೊಳಗಿನ ಸೈನಿಕನ ತಲೆಯ ಮೇಲೆ ಬಾಂಬು ಉದುರಿಸಿದ್ದೂ ಅದೇ ಬಗೆಯ ಯಂತ್ರ. ಆಕಾರದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಅದನ್ನು ಹಾರಿಸುವವನ ಉದ್ದೇಶದಲ್ಲಿ. ಉದ್ದೇಶವನ್ನು ಕೆಳಗಿನಿಂದ ನೋಡಿ ಹೇಳುವುದು ಯಾರಿಗೆ ಸಾಧ್ಯ?

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ದೂರದಿಂದ ನೋಡಿದವರಿಗೆ ಕಂಬಗಳೆಲ್ಲ ಒಂದೇ. ಹತ್ತಿರ ಹೋಗಿ ನೋಡಿದವರು, ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಹತ್ತಿರ ಹೋಗುವ ತಾಳ್ಮೆ ಇಲ್ಲದವನಿಗೆ ಲೋಕದಲ್ಲಿ ಎಲ್ಲವೂ ಒಂದೇ ಆಗಿ ಕಾಣುತ್ತದೆ.

ಕಣ್ಣು ಸೋತ ದಿನಗಳು

1988ರ ಜುಲೈ 3. ಇರಾನಿನ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ 655 ವಿಮಾನದಲ್ಲಿ 290 ಜನರಿದ್ದರು. ಅವರಲ್ಲಿ 66 ಮಕ್ಕಳು. 10 ಮಂದಿ ಭಾರತೀಯರೂ ಇದ್ದರು. ಹೊರ್ಮುಜ್ ಜಲಸಂಧಿಯಲ್ಲಿದ್ದ ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಅದನ್ನು ಎಫ್-14 ಯುದ್ಧವಿಮಾನವೆಂದು ತಿಳಿದು ಕ್ಷಿಪಣಿ ಹಾರಿಸಿತು. ಒಬ್ಬರೂ ಬದುಕಲಿಲ್ಲ. ಆ ನೌಕೆಯಲ್ಲಿದ್ದದ್ದು ಅಂದಿನ ಅತ್ಯಾಧುನಿಕ ರಾಡಾರ್ ವ್ಯವಸ್ಥೆ. ವಿಮಾನ ಮೇಲೇರುತ್ತಿದೆ ಎಂದು ಯಂತ್ರ ಸರಿಯಾಗಿಯೇ ದಾಖಲಿಸಿತ್ತು. ವಿಮಾನ ನಮ್ಮತ್ತ ಇಳಿದು ಬರುತ್ತಿದೆ ಎಂದು ಕೂಗಿದವರು ಮನುಷ್ಯರು. ಹತ್ತಿರದಲ್ಲೇ ಇದ್ದ ಅಮೆರಿಕದ ಇನ್ನೊಂದು ನೌಕೆ ಸೈಡ್ಸ್‌ನ ಕಪ್ತಾನನು ಅದೇ ವಿಮಾನವನ್ನು ತನ್ನ ರಾಡಾರಿನಲ್ಲಿ ನೋಡಿ, ಇದರಿಂದ ಅಪಾಯವಿಲ್ಲ ಎಂದು ತೀರ್ಮಾನಿಸಿದ್ದನು. ಒಂದೇ ವಿಮಾನ, ಒಂದೇ ಸಮುದ್ರ, ಎರಡು ತೀರ್ಮಾನ. ಶತ್ರುವಿಗಾಗಿಯೇ ಕಾಯುತ್ತಿದ್ದವರಿಗೆ ಶತ್ರುವೇ ಕಂಡನು.

1994ರ ಏಪ್ರಿಲ್ 14ರಂದು ಉತ್ತರ ಇರಾಕಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಮೆರಿಕದ ಎರಡು ಎಫ್-15 ವಿಮಾನಗಳ ಚಾಲಕರು ಹಾಡಹಗಲಲ್ಲಿ ಹತ್ತಿರ ಹೋಗಿ, ಕಣ್ಣಾರೆ ನೋಡಿ, ಇವು ಇರಾಕಿನ ಹೆಲಿಕಾಪ್ಟರುಗಳು ಎಂದು ಎರಡನ್ನು ಹೊಡೆದುರುಳಿಸಿದರು. ಅವು ಅವರದೇ ದೇಶದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳಾಗಿದ್ದವು. 26 ಮಂದಿ ಸತ್ತರು. ಪಕ್ಕಕ್ಕೆ ಹೆಚ್ಚುವರಿ ಇಂಧನ ಟ್ಯಾಂಕುಗಳನ್ನು ತೂಗುಹಾಕಿದ್ದರಿಂದ ಅವುಗಳ ಆಕಾರ ಸ್ವಲ್ಪ ಬೇರೆಯಾಗಿ ಕಂಡಿತ್ತು.

ನಮ್ಮ ದೇಶವೂ ಈ ನೋವನ್ನು ಉಂಡಿದೆ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡ್ಗಾಮ್‌ನಲ್ಲಿ ಭಾರತೀಯ ವಾಯುಪಡೆಯ ಹೆಲಿಕಾಪ್ಟರಿಗೆ ನಮ್ಮದೇ ಕ್ಷಿಪಣಿ ತಗುಲಿ, ಅದರಲ್ಲಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಮೃತಪಟ್ಟರು. ಅದು ದೊಡ್ಡ ತಪ್ಪು ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿಕೊಂಡರು.

ಇವೆಲ್ಲ ಕ್ಷಣಗಳಲ್ಲಿ ಆದ ತಪ್ಪುಗಳು, ಸಮಯ ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲ ಎನ್ನಬಹುದು. ಹಾಗಾದರೆ ಕಾಬೂಲಿನ ಘಟನೆಯನ್ನು ಕೇಳಿ. 2021ರ ಆಗಸ್ಟ್ 29ರಂದು ಅಮೆರಿಕದ ಡ್ರೋನ್‌ಗಳು ಒಂದು ಬಿಳಿ ಕಾರನ್ನು ಸುಮಾರು ಎಂಟು ಗಂಟೆ ಹಿಂಬಾಲಿಸಿದವು. ಅದರಲ್ಲಿದ್ದವನು ಒಂದು ಪರಿಹಾರ ಸಂಸ್ಥೆಯ ನೌಕರ. ಅವನು ಕಾರಿಗೆ ತುಂಬಿಸಿದ ನೀರಿನ ಕ್ಯಾನುಗಳು ಮೇಲಿನಿಂದ ನೋಡುವವರಿಗೆ ಸ್ಫೋಟಕಗಳಾಗಿ ಕಂಡವು. ಅವನು ಮನೆಗೆ ಮುಟ್ಟಿದಾಗ ಕ್ಷಿಪಣಿ ಬಿತ್ತು. ಹತ್ತು ಮಂದಿ ನಾಗರಿಕರು ಸತ್ತರು, ಅವರಲ್ಲಿ ಏಳು ಮಕ್ಕಳು. ಇದು ತಪ್ಪು ಎಂದು ಸೆಪ್ಟೆಂಬರ್ 17ರಂದು ಅಮೆರಿಕದ ಸೇನೆ ಒಪ್ಪಿತು. ಎಂಟು ಗಂಟೆ ನೋಡಿದರೂ ನೀರನ್ನು ನೀರೆಂದು ಗುರುತಿಸಲಾಗಲಿಲ್ಲ. ಯಾಕೆ? ನೋಡಿದವರು ಸಂಶಯದಿಂದ ಪ್ರಾರಂಭಿಸಿದ್ದರು. ಸಂಶಯದಿಂದ ಪ್ರಾರಂಭಿಸಿದವನಿಗೆ ಕಂಡದ್ದೆಲ್ಲ ಸಾಕ್ಷ್ಯವಾಗುತ್ತದೆ. ಕ್ಯಾಮರಾ ಎಷ್ಟು ಒಳ್ಳೆಯದಾದರೂ ಈ ರೋಗಕ್ಕೆ ಅದು ಮದ್ದಲ್ಲ.

ಇನ್ನೊಂದು ಬದಿ

ಆದರೆ ಇಲ್ಲಿ ನಾವು ನ್ಯಾಯವಾಗಿ ಯೋಚಿಸಬೇಕು. ಕಾವಲು ನಿಂತವನ ಕಷ್ಟವನ್ನು ಮರೆತು ತೀರ್ಪು ಕೊಡುವುದೂ ಅನ್ಯಾಯವೇ. ವಿನ್ಸೆನ್ಸ್ ಘಟನೆಗೆ ಒಂದು ವರ್ಷ ಮೊದಲು, 1987ರ ಮೇ 17ರಂದು, ಅದೇ ಕೊಲ್ಲಿಯಲ್ಲಿ ಸ್ಟಾರ್ಕ್ ಎಂಬ ಅಮೆರಿಕದ ನೌಕೆಯತ್ತ ಇರಾಕಿನ ವಿಮಾನವೊಂದು ಬಂದಿತು. ಅದು ದಾಳಿ ಮಾಡೀತೆಂದು ನೌಕೆಯವರು ಎಣಿಸಲಿಲ್ಲ. ಎರಡು ಕ್ಷಿಪಣಿಗಳು ಬಡಿದು 37 ನಾವಿಕರು ಸತ್ತರು. ವಿನ್ಸೆನ್ಸ್‌ನ ಕಪ್ತಾನನ ಮನಸ್ಸಿನಲ್ಲಿ ಆ 37 ಮಂದಿಯ ನೆನಪು ಇದ್ದಿರಲಾರದೇ? ತಡೆದರೆ ತನ್ನವರ ಸಾವು, ಹೊಡೆದರೆ ನಿರಪರಾಧಿಗಳ ಸಾವು, ಯೋಚಿಸಲು ಕೆಲವೇ ನಿಮಿಷ. ಇಂತಹ ಸ್ಥಿತಿಯಲ್ಲಿ ಮನುಷ್ಯ ಏನು ಮಾಡಬೇಕು?

ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೂ ಎರಡು ಮಾತು ಹೇಳಬಹುದು. ಮೊದಲನೆಯದು, ಹೊಣೆ ಆ ಕೊನೆಯ ಕ್ಷಣದಲ್ಲಿ ಪ್ರಾರಂಭವಾಗುವುದಿಲ್ಲ. ಆ ಬೆಳಿಗ್ಗೆ ವಿನ್ಸೆನ್ಸ್ ನೌಕೆ ಇರಾನಿನ ಸಣ್ಣ ದೋಣಿಗಳೊಡನೆ ಕಾದಾಡುತ್ತಾ ಇರಾನಿನದೇ ಜಲಪ್ರದೇಶದೊಳಗೆ ಹೋಗಿತ್ತು ಎಂದು ಅಮೆರಿಕದ ಸೇನಾ ಮುಖ್ಯಸ್ಥರಾಗಿದ್ದವರೇ 1992ರಲ್ಲಿ ಒಪ್ಪಿಕೊಂಡರು. ಯೋಚಿಸಲು ಸಮಯವಿಲ್ಲದ ಜಾಗಕ್ಕೆ ತಾನಾಗಿ ಹೋದವನು, ಸಮಯವಿರಲಿಲ್ಲ ಎಂದು ನೆಪ ಹೇಳಿದರೆ ಎಷ್ಟು ಸರಿ? ಎರಡನೆಯದು, ತಪ್ಪು ನಡೆದ ಮೇಲೆ ಅದಕ್ಕೆ ಬೆಲೆ ತೆರಬೇಕು. ಅಮೆರಿಕ ಸತ್ತ ಇರಾನಿಯರ ಕುಟುಂಬಗಳಿಗೆ 6 ಕೋಟಿ 18 ಲಕ್ಷ ಡಾಲರ್ ಕೊಡಲು ಒಪ್ಪಿದ್ದು 1996ರಲ್ಲಿ, ಎಂಟು ವರ್ಷಗಳ ಬಳಿಕ.

ಕುರ್‌ಆನ್ ಇಟ್ಟ ಕ್ರಮ

ಈಗ ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾಅ್‌ನಲ್ಲಿ ಒಂದರ ಹಿಂದೆ ಒಂದಾಗಿ ಬರುವ ಮೂರು ವಚನಗಳ ಕ್ರಮವನ್ನು ಗಮನಿಸಿ. 92ನೆಯ ವಚನ ಪ್ರಮಾದದಿಂದಾದ ಕೊಲೆಯ ಬಗ್ಗೆ. ಅರಿಯದೆ ಕೊಂದರೂ ಅದು ಬರೇ ಕೈತಪ್ಪು ಎಂದು ಬಿಟ್ಟುಬಿಡುವಂತಿಲ್ಲ. ಸತ್ತವನ ಮನೆಯವರಿಗೆ ರಕ್ತಧನ ಸಲ್ಲಬೇಕು, ಒಬ್ಬ ಗುಲಾಮನ ವಿಮೋಚನೆಯಾಗಬೇಕು, ಅದಕ್ಕೆ ಶಕ್ತಿಯಿಲ್ಲದವನು ಎರಡು ತಿಂಗಳು ಎಡೆಬಿಡದೆ ಉಪವಾಸ ಹಿಡಿಯಬೇಕು. 93ನೆಯ ವಚನ ಬೇಕೆಂದೇ ಮಾಡಿದ ಕೊಲೆಯ ಘೋರ ಶಿಕ್ಷೆಯ ಬಗ್ಗೆ. ಅದರ ಬೆನ್ನಿಗೇ ಬರುವ 94ನೆಯ ವಚನ, ನೀವು ಅಲ್ಲಾಹನ ಮಾರ್ಗದಲ್ಲಿ ಹೊರಟಾಗ ಚೆನ್ನಾಗಿ ವಿಚಾರಿಸಿ ತಿಳಿದುಕೊಳ್ಳಿರಿ, ನಿಮಗೆ ಸಲಾಮ್ ಹೇಳಿದವನನ್ನು ನೀನು ವಿಶ್ವಾಸಿಯಲ್ಲ ಎನ್ನಬೇಡಿರಿ ಎಂದು ಆದೇಶಿಸುತ್ತದೆ. ಹಿಂದೆ ನೀವೂ ಅವನಂತೆಯೇ ಇದ್ದಿರಿ ಎಂದು ನೆನಪಿಸುತ್ತದೆ. ಯಾರಿಗೆ ಈ ಆದೇಶ? ಮನೆಯಲ್ಲಿ ಆರಾಮವಾಗಿ ಕುಳಿತವರಿಗಲ್ಲ, ಪ್ರಾಣಭಯದ ನಡುವೆ ರಣರಂಗದಲ್ಲಿರುವವರಿಗೆ. ಅಲ್ಲಿಯೂ ವಿಚಾರಿಸಿ ತಿಳಿಯುವ ಹೊಣೆ ತಪ್ಪುವುದಿಲ್ಲ.

ಹಝ್ರತ್ ಉಸಾಮಾ ಬಿನ್ ಝೈದ್(ರ)ರ ಘಟನೆ ನಿಮಗೆ ಗೊತ್ತಿರಬಹುದು. ಯುದ್ಧದಲ್ಲಿ ಅವರ ಕೈಗೆ ಸಿಕ್ಕಿದ ಶತ್ರುವೊಬ್ಬ ಕೊನೆಯ ಗಳಿಗೆಯಲ್ಲಿ ಕಲಿಮ ಉಚ್ಚರಿಸಿದ. ಆಯುಧದ ಭಯದಿಂದ ಹೇಳಿದನೆಂದು ಬಗೆದು ಅವರು ಅವನನ್ನು ಕೊಂದರು. ಪ್ರವಾದಿ(ಸ)ರಿಗೆ ಸುದ್ದಿ ತಲುಪಿದಾಗ, ನೀನು ಅವನ ಎದೆ ಸೀಳಿ ನೋಡಿದ್ದೆಯಾ ಎಂದು ಅವರು ಕೇಳಿದರು. ಮತ್ತೆ ಮತ್ತೆ ಆಕ್ಷೇಪಿಸಿದರು. ತಾನು ಆ ದಿನವಷ್ಟೇ ಮುಸ್ಲಿಮನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಉಸಾಮಾ(ರ)ರಿಗೆ ಅನಿಸಿಬಿಟ್ಟಿತು. ಉಸಾಮಾರ ಊಹೆ ಅಸಂಬದ್ಧವಾದುದಾಗಿರಲಿಲ್ಲ. ಅದು ನಿಜವೂ ಆಗಿದ್ದಿರಬಹುದು. ಆದರೆ ಊಹೆ ಎಷ್ಟೇ ಬಲವಾಗಿದ್ದರೂ ಊಹೆಯೇ. ಇನ್ನೊಬ್ಬನ ಪ್ರಾಣ ತೆಗೆಯಲು ಅದು ಸಾಲದು.

ಸೂರಃ ಅನ್ನಮ್ಲ್‌ನ ಇರುವೆಯ ಮಾತನ್ನೂ ಇಲ್ಲಿ ನೆನೆಯಬೇಕು. ಪ್ರವಾದಿ ಸುಲೈಮಾನ್(ಅ)ರ ಸೈನ್ಯ ಬರುತ್ತಿರುವುದನ್ನು ಕಂಡ ಇರುವೆ ತನ್ನವರನ್ನು ಗೂಡಿನೊಳಗೆ ಹೋಗುವಂತೆ ಎಚ್ಚರಿಸುತ್ತದೆ. ಆ ಸೈನ್ಯ ಕ್ರೂರಿ ಎಂದು ಅದು ಹೇಳುವುದಿಲ್ಲ. ಅವರು ಅರಿವಿಲ್ಲದೆಯೇ ನಮ್ಮನ್ನು ತುಳಿದುಬಿಡಬಹುದು ಎನ್ನುತ್ತದೆ. ಎತ್ತರದಲ್ಲಿರುವವನಿಗೆ ಕೆಳಗಿರುವವನು ಕಾಣದಿರುವುದೇ ಒಂದು ಅಪಾಯ. ಸುಲೈಮಾನ್(ಅ) ಆ ಸಣ್ಣ ಧ್ವನಿಗೆ ಕಿವಿಗೊಟ್ಟರು, ಅದನ್ನು ಕೇಳಿ ಮುಗುಳ್ನಕ್ಕು ಅಲ್ಲಾಹನಿಗೆ ಕೃತಜ್ಞರಾದರು. ಕಾಬೂಲಿನ ಆ ಮಕ್ಕಳ ಧ್ವನಿ ಮಾತ್ರ ಡ್ರೋನ್ ನಡೆಸುವವನ ಕೋಣೆಯವರೆಗೆ ಕೇಳಿಸಲಿಲ್ಲ.

ನಮ್ಮ ಕೈಯಲ್ಲಿರುವ ಗುಂಡಿ

ಈಗ ನಮ್ಮ ಕಡೆಗೆ ತಿರುಗೋಣ. ನಮ್ಮ ಕೈಯಲ್ಲಿ ಕ್ಷಿಪಣಿಯಿಲ್ಲ, ಮೊಬೈಲಿದೆ. ಅದರಲ್ಲೂ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಒಂದು ಚಿತ್ರ, ಒಂದು ಹೆಸರು, ಒಂದು ಆರೋಪ ನೂರು ಮನೆಗಳಿಗೆ ಹೋಗಿ ಬೀಳುತ್ತದೆ.

2025ರ ಮೇ 7ರಿಂದ 10ರವರೆಗೆ ಭಾರತ ಪಾಕಿಸ್ತಾನಗಳ ನಡುವೆ ಸಂಘರ್ಷ ನಡೆದಾಗ ನಾವು ಇದನ್ನು ಕಣ್ಣಾರೆ ಕಂಡೆವು. ಕಂಪ್ಯೂಟರ್ ಆಟದ ದೃಶ್ಯಗಳನ್ನು ನಿಜವಾದ ವಿಮಾನ ಕಾಳಗವೆಂದು ಗಡಿಯ ಎರಡೂ ಕಡೆ ಹಂಚಿದರು. ಅವು ಆಟದ ಚಿತ್ರಗಳು ಎಂದು ನಮ್ಮ ಸರ್ಕಾರದ ಪತ್ರಿಕಾ ಮಾಹಿತಿ ವಿಭಾಗವೇ ಎಚ್ಚರಿಸಬೇಕಾಯಿತು. ಕರಾಚಿ ಬಂದರು ಧ್ವಂಸವಾಯಿತೆಂದು ಹಲವು ಟಿ.ವಿ. ವಾಹಿನಿಗಳು ಒಂದು ರಾತ್ರಿಯಿಡೀ ಕೂಗಿದವು. ಅಂಥದ್ದು ನಡೆದೇ ಇರಲಿಲ್ಲ. ರೆಕ್ಕೆ, ಎಂಜಿನ್, ಒಡಲು, ಬಾಲವನ್ನು ನೋಡಬಲ್ಲ ಒಬ್ಬ ಹುಡುಗ ಮನೆಯಲ್ಲಿದ್ದರೆ ಇಂತಹ ಎಷ್ಟೋ ಸುಳ್ಳುಗಳು ಆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆದ್ದರಿಂದ ಮಕ್ಕಳ ಈ ಆಸಕ್ತಿಯನ್ನು ಗದರಿಸಿ ಅಡಗಿಸಬೇಡಿ, ಅದನ್ನು ಸತ್ಯದ ಸೇವೆಗೆ ಹಚ್ಚಿರಿ.

ಆದರೆ ಅದೇ ಮೇ 7ರಂದು ನಡೆದ ಇನ್ನೊಂದು ಸಂಗತಿ ಯಂತ್ರಗಳ ಬಗ್ಗೆಯಲ್ಲ, ಮನುಷ್ಯನ ಬಗ್ಗೆ. ಜಮ್ಮು ಕಾಶ್ಮೀರದ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಒಬ್ಬ ಮದರಸ ಅಧ್ಯಾಪಕರು ಬಲಿಯಾದರು. ತನ್ನ ದೇಶದ ನೆಲದಲ್ಲಿ, ಪರದೇಶದ ಗುಂಡಿಗೆ ಸತ್ತ ಆ ಭಾರತೀಯನ ಫೋಟೋವನ್ನು ಕೆಲವು ವಾಹಿನಿಗಳು ತೋರಿಸಿ, ಸತ್ತವನು ಭಯೋತ್ಪಾದಕ ಎಂದವು. ಅದು ಸುಳ್ಳೆಂದು ಪೂಂಛ್ ಪೊಲೀಸರು ಸ್ಪಷ್ಟನೆ ಕೊಟ್ಟರು. ಮಯ್ಯಿತ್ ಮನೆಯಲ್ಲಿ ಅಳುತ್ತಿದ್ದವರಿಗೆ ಆ ಮಾತು ಎಷ್ಟು ಇರಿದಿರಬೇಕು, ಯೋಚಿಸಿ. ಆ ವಾಹಿನಿಯವರಿಗೆ ಕಂಡದ್ದೇನು? ಒಂದು ಟೊಪ್ಪಿ, ಒಂದು ಗಡ್ಡ. ಅಂದರೆ ಒಂದು ಕಪ್ಪು ಆಕಾರ. ಉಳಿದದ್ದನ್ನೆಲ್ಲ ಅವರ ಮನಸ್ಸು ತುಂಬಿಸಿಕೊಂಡಿತು. ವಿನ್ಸೆನ್ಸ್‌ನ ಕೋಣೆಯಲ್ಲಿ ನಡೆದದ್ದೇ ಟಿ.ವಿ. ಕಚೇರಿಯಲ್ಲೂ ನಡೆಯಿತು.

ಈ ಅನ್ಯಾಯ ನಮಗೆ ಚೆನ್ನಾಗಿ ಗೊತ್ತು. ಬಸ್ಸಿನಲ್ಲಿ, ರಸ್ತೆಯಲ್ಲಿ, ಬಾಡಿಗೆ ಮನೆ ಕೇಳಲು ಹೋದಲ್ಲಿ, ಬಟ್ಟೆ ನೋಡಿ ತೀರ್ಪು ಕೊಡುವವರ ಕಣ್ಣನ್ನು ನಮ್ಮಲ್ಲಿ ಹಲವರು ಅನುಭವಿಸಿದ್ದೇವೆ. ಆದರೆ ಓದುಗರೇ, ನೋವು ತಿಂದವನು ಅದೇ ನೋವನ್ನು ಇನ್ನೊಬ್ಬನಿಗೆ ಕೊಡುವುದಿಲ್ಲ ಎಂಬ ಖಾತ್ರಿಯಿಲ್ಲ. ಒಬ್ಬನ ಹೆಗಲ ಮೇಲಿನ ಶಾಲಿನ ಬಣ್ಣ ನೋಡಿ, ಅವನು ನಮ್ಮ ವೈರಿ ಎಂದು ನಾವು ತೀರ್ಮಾನಿಸಿಲ್ಲವೇ? ಹಣೆಯ ಕುಂಕುಮ ನೋಡಿ ಒಬ್ಬ ಅಧಿಕಾರಿ ನಮಗೆ ನ್ಯಾಯ ಕೊಡಲಾರನೆಂದು ಮಾತಾಡಿಲ್ಲವೇ? ಅದು ಹೋಗಲಿ, ನಮ್ಮದೇ ಮೊಹಲ್ಲಾದಲ್ಲಿ ಯಾರದೋ ಮಗ ಯಾವುದೋ ಅಂಗಡಿಯ ಮುಂದೆ ನಿಂತದ್ದನ್ನು ಕಂಡು, ಯಾರದೋ ಮಗಳು ಯಾರೊಡನೆಯೋ ಮಾತಾಡಿದ್ದನ್ನು ಕಂಡು, ಮಗ್ರಿಬ್‌ನಿಂದ ಇಶಾದೊಳಗೆ ಆ ಮನೆಯ ಮಾನವನ್ನು ನಾವು ಹರಾಜು ಹಾಕಿಲ್ಲವೇ? ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳನನ್ನಾಗಿ ಮಾಡಲು ಸಾಕು ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಸುದ್ದಿ ತಂದವನು ಎಂಥವನೆಂದು ನೋಡಿ ಅದನ್ನು ಪರೀಕ್ಷಿಸಬೇಕು, ಇಲ್ಲದಿದ್ದರೆ ತಿಳಿಯದೆ ಒಂದು ಜನತೆಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಅಲ್‌ಹುಜುರಾತ್‌ನಲ್ಲಿದೆ.

ವಿನ್ಸೆನ್ಸ್ ನೌಕೆಯ ನಾವಿಕನಿಗೆ ಒಂದು ನೆಪವಾದರೂ ಇತ್ತು, ಅವನಿಗೆ ಸಮಯವಿರಲಿಲ್ಲ. ನಮಗೆ ಆ ನೆಪವೂ ಇಲ್ಲ. ನಮ್ಮತ್ತ ಯಾವ ಕ್ಷಿಪಣಿಯೂ ಬರುತ್ತಿಲ್ಲ. ಒಂದು ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಒಂದು ರಾತ್ರಿ ಕಾಯ್ದರೆ ನಮ್ಮ ಮನೆಯ ಯಾರೂ ಸಾಯುವುದಿಲ್ಲ. ನೆರೆಯವನ ಬಗ್ಗೆ ಒಂದು ಮಾತು ಆಡುವ ಮೊದಲು ಅವನ ಮನೆಗೇ ಹೋಗಿ ಕೇಳಿದರೆ ನಾವು ಕಳೆದುಕೊಳ್ಳುವುದು ಏನೂ ಇಲ್ಲ. ನಿಮಿಷಗಳೊಳಗೆ ತೀರ್ಮಾನಿಸಬೇಕಾದ ಯೋಧನಿಗೇ ವಿಚಾರಿಸಿ ತಿಳಿಯುವ ಆದೇಶವಿರುವಾಗ, ದಿನವಿಡೀ ಸಮಯವಿರುವ ನಮ್ಮ ಲೆಕ್ಕ ಎಷ್ಟು ಕಠಿಣವಾಗಿರಬೇಡ?

ಮಗನಿಗೆ ವಿಮಾನದ ರೆಕ್ಕೆಯನ್ನೂ ಟ್ಯಾಂಕಿನ ಚಕ್ರವನ್ನೂ ಎಣಿಸಲು ಕಲಿಸಿರಿ, ತಪ್ಪಿಲ್ಲ. ಜೊತೆಗೆ ಇದನ್ನೂ ಕಲಿಸಿರಿ. ನಾಲ್ಕು ಗುರುತುಗಳಲ್ಲಿ ಒಂದು ಕಾಣದಿದ್ದರೆ, ನನಗೆ ಗೊತ್ತಿಲ್ಲ ಎಂದು ಹೇಳಲು ನಾಚಬಾರದು. ಯಂತ್ರಕ್ಕೆ ನಾಲ್ಕು ಗುರುತು ನೋಡುವವನು ಮನುಷ್ಯನಿಗೆ ಒಂದೇ ಗುರುತಿನಿಂದ ಹೆಸರಿಡಬಾರದು. ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ಬಗ್ಗೆ ಪ್ರಶ್ನಿಸಲಾಗುವುದು ಎಂದು ಕುರ್‌ಆನ್ ತಿಳಿಸಿದೆ. ಆ ದಿನ ನಮ್ಮನ್ನು ಕೇಳುವವನು ರಾಡಾರ್ ನೋಡಿ ಊಹಿಸುವವನಲ್ಲ, ಎದೆಯೊಳಗಿನದನ್ನು ಬಲ್ಲವನು. ಎದೆ ಸೀಳಿ ನೋಡಲಾರದ ನಮಗೆ, ಸಂಶಯ ಬಂದಲ್ಲಿ ಕೈ ತಡೆಯುವ, ನಾಲಗೆ ತಡೆಯುವ ಶಕ್ತಿಯನ್ನು ಅಲ್ಲಾಹನು ಕರುಣಿಸಲಿ.